ಸಾಕು ಎನ್ನುವವಳು

“ಅಜ್ಜಾರ, ಕಣ್ಣಿಗೇ ಕಾಣದಷ್ಟು ಸಣ್ಣದು ಅಂಥ ಗಟ್ಟಿ ಆಳನ್ನು ಹೇಗೆ ಕೆಡವಿತು?” ಎಂದು ಶಿಷ್ಯ ಕೊಟ್ರಪ್ಪ ಗುರುಗಳನ್ನು ಕೇಳಿದ.

ಅವನ ಅಣ್ಣ ಇಪ್ಪತ್ತು ವರ್ಷ ಹೊಗೆಸೊಪ್ಪು ಅಗಿದವನು. ಈಗ ಕೆನ್ನೆಯೊಳಗೆ ಕ್ಯಾನ್ಸರ್, ಕುತ್ತಿಗೆಗೂ ಇಳಿದಿದೆ. ನೀರೂ ಒಳಗೆ ಹೋಗದು. ಡಾಕ್ಟರು ಹೇಳಿದ್ದರು: ಮೈಯ ಕಣಕಣದಲ್ಲೂ ಮೈಕ್ರೊ ಆರ್‌ಎನ್‌ಎ ಎಂಬ ಚೂರುಗಳಿವೆ. ಅವು ಏನನ್ನೂ ಕಟ್ಟುವುದಿಲ್ಲ, ಕಣಕ್ಕೆ ‘ಬೆಳೆ’, ‘ನಿಲ್ಲು’ ಎಂದು ಬಂದ ಅಪ್ಪಣೆಯನ್ನು ಅಡಗಿಸುತ್ತವೆ, ಅಷ್ಟೇ. ನಿಮ್ಮ ಅಣ್ಣನ ಬಾಯಲ್ಲಿ ಕೆಲವು ಇಲ್ಲವಾಗಿವೆ, ಕೆಲವು ಮಿತಿಮೀರಿವೆ.

ಗುರುಗಳು ಒಂದು ಕತೆ ಹೇಳಿದರು.

ಒಂದು ಆಲೆಮನೆ ಇತ್ತು. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿಯುತ್ತಿತ್ತು. ಒಲೆಗೆ ಸಿಪ್ಪೆ ಒಟ್ಟುವವನು ಹಿಂದಿನ ಗುಂಡಿಯಲ್ಲಿ ಇರುತ್ತಿದ್ದ. ಅಲ್ಲಿಂದ ಕೊಪ್ಪರಿಗೆ ಕಾಣದು. ಯಜಮಾನ “ಹಾಕು” ಎಂದರೆ ಒಟ್ಟುತ್ತಿದ್ದ. ಒಬ್ಬ ಮುದುಕಿ ಪಾಕದ ತೊಟ್ಟನ್ನು ನೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡಿ “ಸಾಕು” ಎಂದರೆ ನಿಲ್ಲಿಸುತ್ತಿದ್ದ.

“ಕಬ್ಬು ಕಡಿಯಂಗಿಲ್ಲ, ಗಾಣ ಮುಟ್ಟಂಗಿಲ್ಲ. ಬೆರಳು ನೆಕ್ಕೋದಕ್ಕೆ ಈಕೆಗೆ ಎರಡು ಹೊತ್ತು ಊಟ!” ಎಂದ ಯಜಮಾನ.

“ನಾನು ನೆಕ್ಕೋದು ಬಿಟ್ಟ ದಿನ ನೀನು ಮಸಿ ನೆಕ್ಕುತ್ತೀ, ಹೋಗೋ ಮಗನೇ” ಎಂದು ಮುದುಕಿ ನಕ್ಕಳು.

ಅವಸರಕ್ಕೆ ಯಜಮಾನ ಹಸಿ ಸಿಪ್ಪೆಯನ್ನೇ ಒಟ್ಟಿಸತೊಡಗಿದ. ಹೊಗೆ ಕವಿಯಿತು. ದಿನದಿಂದ ದಿನಕ್ಕೆ ಮುದುಕಿಯ ದನಿ ಇಳಿಯಿತು. ಏನಾಯಿತೆಂದು ಯಾರೂ ಕೇಳಲಿಲ್ಲ. ಬೆಲ್ಲ ಇಳಿಯುತ್ತಲೇ ಇತ್ತಲ್ಲ.

ಬೆಂಕಿ ಹತ್ತಿದರೆ ಆರಿಸಲು ಗೋಡೆಯ ಪಕ್ಕ ನೀರಿನ ಕೊಡ ಹಿಡಿದ ಒಬ್ಬ ಕಾವಲಿನವನಿದ್ದ. ಅವನು ಸುಮ್ಮಸುಮ್ಮನೆ ನೀರು ಚೆಲ್ಲದಂತೆ “ತಡಿ” ಎನ್ನಲು ಒಬ್ಬನನ್ನು ಇಟ್ಟಿದ್ದರು. ಆ ವರ್ಷ “ತಡಿ” ಎನ್ನುವವರೇ ಆರು ಮಂದಿಯಾದರು.

ಒಂದು ಮಧ್ಯಾಹ್ನ ಪಾಕ ಬಂತು. ಮುದುಕಿ ಬಾಯಿ ತೆರೆದಳು. ಸೊಲ್ಲು ಹೊರಡಲಿಲ್ಲ. ಗುಂಡಿಯವನು ಒಟ್ಟುತ್ತಲೇ ಇದ್ದ. ಪಾಕ ಉಕ್ಕಿ ಒಲೆಗೆ ಸುರಿಯಿತು, ಉರಿ ಎದ್ದು ಸಿಪ್ಪೆಯ ರಾಶಿಗೆ ಹತ್ತಿತು. ಕಾವಲಿನವನು ಕೊಡ ಎತ್ತಿದ. ಆರೂ ಮಂದಿ ಒಟ್ಟಿಗೆ “ತಡಿ” ಎಂದರು. ಅವನು ನೀರು ಎರಚದೆ ತಡೆದ.

ಸಂಜೆಗೆ ಆಲೆಮನೆ ಬೂದಿಯಾಯಿತು. ಗುಂಡಿಯಲ್ಲಿದ್ದವನು ಮೇಲೆ ಬರಲಿಲ್ಲ.

ಕೊಟ್ರಪ್ಪ ಕಣ್ಣೊರೆಸಿಕೊಂಡ. “ಮುದುಕಿಯ ದನಿ ಹೋಗಿತ್ತು, ಸರಿ. ಆಲೆಮನೆ ತುಂಬ ಜನ ಇದ್ದರಲ್ಲ ಅಜ್ಜಾರ, ಒಬ್ಬರಾದರೂ ಸಾಕು ಅನ್ನಬಾರದಿತ್ತೇ?”

ಗುರುಗಳೆಂದರು: “ಆ ಇಪ್ಪತ್ತು ವರ್ಷ ನಿಮ್ಮ ಮನೆ ತುಂಬಾನೂ ಜನ ಇದ್ದಿರಲ್ಲ, ತಮ್ಮಾ.”