ಅಳಿವೆಗೆ ಬಾಗಿಲು ಬಂದದ್ದು

ಲೋಕದ ಮೈ ಇನ್ನೂ ಹಸಿಯಾಗಿದ್ದ ಕಾಲ. ಯಾವ ಬೆಟ್ಟ ಎಲ್ಲಿ ಕೂರಬೇಕು ಎಂಬುದು ಆಗಷ್ಟೇ ತೀರ್ಮಾನವಾಗಿತ್ತು. ಗಾಳಿ ಮಾತಾಡುತ್ತಿತ್ತು, ಮೀನು ಮಾತಾಡುತ್ತಿತ್ತು, ಮರಳಿಗೂ ಬಾಯಿತ್ತು. ಆಗ ಹೊಳೆ ಘಟ್ಟ ಇಳಿದದ್ದೇ ತಡ, ಓಡೋಡಿ ಬಂದು ಧಡಾರನೆ ಕಡಲಿಗೆ ಬೀಳುತ್ತಿತ್ತು. ನಡುವೆ ನಿಲ್ಲುವುದು, ಉಸಿರು ತೆಗೆದುಕೊಳ್ಳುವುದು ಒಂದೂ ಇಲ್ಲ.

ಹೊಳೆ ಕಡಲಿಗೆ ಬೀಳುವ ಜಾಗದಲ್ಲಿ ಹೊನ್ನಕ್ಕ ಎಂಬ ಹೆಂಗಸಿದ್ದಳು. ಬಾಣಂತನ ಮಾಡುವುದರಲ್ಲಿ ಎತ್ತಿದ ಕೈ. ಹಂಡೆಯ ಬಿಸಿನೀರಿಗೆ ತಣ್ಣೀರು ಬೆರೆಸಿ, ಮೊಣಕೈ ಅದ್ದಿ ಹದ ನೋಡಿ, ಕಾಲ ಮೇಲೆ ಮಲಗಿಸಿಕೊಂಡು ಮೀಯಿಸಿದಳೆಂದರೆ ಎಂಥ ಹಟಮಾರಿ ಕೂಸೂ ತೆಪ್ಪಗೆ ನಿದ್ದೆ ಹೋಗುತ್ತಿತ್ತು.

ಗಾಳಿ ಎಂದರೆ ಮಾತ್ರ ಅವಳಿಗೆ ಆಗದು. ಅವಳ ಒಂದೇ ಒಂದು ಕೂಸು ಗಾಳಿ ತಾಗಿ ಹೋಗಿಬಿಟ್ಟಿತ್ತು, ಪಾಪ. ಅಂದಿನಿಂದ ಯಾರ ಮನೆಗೆ ಬಾಣಂತನಕ್ಕೆ ಹೋದರೂ ಮೊದಲು ಬಾಗಿಲು ಕಿಟಕಿಗಳ ಸಂದಿಗೆಲ್ಲ ಬಟ್ಟೆ ತುರುಕುತ್ತಿದ್ದಳು.

ಒಂದು ಬೆಳಿಗ್ಗೆ ದಡದಲ್ಲಿ ತಾಯಿ ಸಿಗಡಿಯೊಂದು ಅಳುತ್ತಾ ಕೂತಿತ್ತು.

"ಎಂತಾಯ್ತೇ ತಂಗಿ?" ಎಂದಳು ಹೊನ್ನಕ್ಕ.

"ನನ್ನ ಮಕ್ಕಳು ಅಕ್ಕಾ! ಕಣ್ಣಿಗೂ ಕಾಣದಷ್ಟು ಸಣ್ಣವು. ಕಡಲಲ್ಲೇ ಬಿಟ್ಟರೆ ಅಲೆ ಬಡಿದು ಹಾಕ್ತದೆ. ಹೊಳೆಗೆ ಬಿಟ್ಟರೆ ಸಿಹಿನೀರು ಒಗ್ಗೂದಿಲ್ಲ. ಹೋದ ಸಲದ್ದು ಒಂದೂ ಉಳೀಲಿಲ್ಲ. ಈ ಸಲದ್ದಾದ್ರೂ ಉಳಿಸಿಕೊಡು."

ಹೊನ್ನಕ್ಕನ ಕರುಳು ಚುರುಕ್ ಎಂದಿತು. "ಏಳು, ನಿನ್ನ ಬಾಣಂತನ ನಂದೇ" ಎಂದಳು. ಸಿಗಡಿಗೂ ಬಾಣಂತನವೇ ಎಂದು ನಗಬೇಡಿ. ಕಳೆದುಕೊಂಡವಳಿಗೆ ಕಳೆದುಕೊಂಡವಳ ಸಂಕಟ ಗೊತ್ತಾಗುತ್ತದೆ.

ಅವಳು ಹೊಳೆಗೆ ಅಡ್ಡ ನಿಂತಳು. "ಎಂಥ ಓಟವೇ ಅದು, ಬೆನ್ನಿಗೆ ಹುಲಿ ಬಿದ್ದವರ ಹಾಗೆ! ಇಲ್ಲಿ ಸ್ವಲ್ಪ ಕಾಲು ಚಾಚಿ ಕೂತ್ಕೋ."

ಹೊಳೆಗೆ ಅಲ್ಲಿಯವರೆಗೆ ಕೂತುಕೋ ಎಂದವರೇ ಇರಲಿಲ್ಲ. ಅದಕ್ಕೆ ಖುಷಿಯೋ ಖುಷಿ. ತಗ್ಗು ನೆಲದ ತುಂಬ ಅಗಲವಾಗಿ ಹರಡಿಕೊಂಡು ಕೂತೇಬಿಟ್ಟಿತು.

"ಕಡಲಪ್ಪಾ, ಒಂದಿಷ್ಟು ಉಪ್ಪುನೀರು ಕೊಡು" ಎಂದಳು ಹೊನ್ನಕ್ಕ. ಕಡಲು ಕೊಟ್ಟಿತು. ಸಿಹಿಗೆ ಉಪ್ಪು ಬೆರೆಸಿದಳು, ಬೆರಳು ನೆಕ್ಕಿ ನೋಡಿದಳು, ಮತ್ತಷ್ಟು ಬೆರೆಸಿದಳು. ಮೊಣಕೈ ಅದ್ದಿದಳು. ಹದವಾಗಿತ್ತು! ಸಿಗಡಿಯ ಮಕ್ಕಳು ಒಳಗೆ ಬಂದು ಕೆಸರಿನಲ್ಲಿ ಹಾಯಾಗಿ ಮಲಗಿದವು.

ಅಷ್ಟರಲ್ಲಿ ಕಡಲ ಕಡೆಯಿಂದ ಗಾಳಿ ಬೀಸಿತು. ಹೊನ್ನಕ್ಕನ ಜೀವ ಬಾಯಿಗೆ ಬಂತು.

"ಮರಳೇ, ಓ ಮರಳೇ! ಬೇಗ ಹೋಗಿ ಅಡ್ಡ ಮಲಗು. ಒಂದು ಸಂದಿಯೂ ಇರಬಾರದು ನೋಡು!"

ಮರಳಿಗೆ ಮಲಗು ಎಂದು ಎರಡನೇ ಸಲ ಹೇಳಬೇಕೇ? ಈ ಗುಡ್ಡದಿಂದ ಆ ಗುಡ್ಡದವರೆಗೆ ಉದ್ದಕ್ಕೆ ಮಲಗಿತು. ತಾಯಿ ಸಿಗಡಿ ಹೊರಗೆ ಕಡಲಲ್ಲೇ ಉಳಿಯಿತು. ಒಳಗೆ ಅಲೆಯಿಲ್ಲ, ಗಾಳಿಯಿಲ್ಲ. ಹೊನ್ನಕ್ಕ ನಿಟ್ಟುಸಿರು ಬಿಟ್ಟಳು.

ಕೆಲವು ದಿನ ಎಲ್ಲ ಚೆನ್ನಾಗಿತ್ತು. ಆಮೇಲೆ ನೀರು ಬೆಚ್ಚಗಾಯಿತು, ಪಾಚಿಗಟ್ಟಿತು, ಮುಗ್ಗಲು ವಾಸನೆ ಹೊಡೆಯಿತು. ಹೊಳೆ ತುಂಬುತ್ತಾ ಹೋದ ಹಾಗೆ ಉಪ್ಪಿನ ಹದವೂ ಹೋಯಿತು. ಮರಿಗಳು ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದವು.

ಮರಳಿನ ಆಚೆಯಿಂದ ತಾಯಿ ಸಿಗಡಿ ಕೂಗಿತು, "ಬಾಗಿಲು ತೆಗೀ ಅಕ್ಕಾ!"

"ಹೊರಗೆ ಗಾಳಿ ಉಂಟು!"

"ಒಳಗೆ ಉಸಿರೇ ಇಲ್ಲವಲ್ಲ ಅಕ್ಕಾ!"

ಒಂದು ಪುಟ್ಟ ಮರಿ ಹೊನ್ನಕ್ಕನ ಅಂಗೈಗೆ ಬಂದು ಮಗುಚಿಕೊಂಡಿತು. ಅಲುಗಲೇ ಇಲ್ಲ.

"ಅಯ್ಯೋ, ಗಾಳಿಯಿಂದ ಕಾಯ್ತೇನೆ ಅಂತ ಉಸಿರನ್ನೇ ಕಟ್ಟಿಬಿಟ್ಟೆನಲ್ಲ!" ಎಂದು ಗೋಳೋ ಎಂದು ಅತ್ತಳು. ಅಳುತ್ತಲೇ ಎರಡೂ ಕೈಯಲ್ಲಿ ಮರಳು ಬಗೆದಳು.

"ಸಂದಿ ಬೇಡ ಅಂದವಳು ನೀನೇ" ಎಂದು ಮರಳು ಮುಖ ಊದಿಸಿತು.

"ತಪ್ಪಾಯ್ತು ಮಾರಾಯ, ಸ್ವಲ್ಪ ಕಾಲು ಮಡಚು!"

ಅವಳ ಕಣ್ಣೀರು ನೋಡಿ ಮರಳಿಗೂ ಕನಿಕರವಾಯಿತು. ಒಂದು ಮೂಲೆಯಲ್ಲಿ ಕಾಲು ಮಡಚಿತು. ಒಳಗಿನಿಂದ ಹೊಳೆ ತಳ್ಳಿತು, ಹೊರಗಿನಿಂದ ಕಡಲು ಎಳೆಯಿತು. ಕಿರಿದೊಂದು ಬಾಗಿಲು ತೆರೆಯಿತು. ತಣ್ಣನೆಯ ಉಪ್ಪುನೀರು ಒಳನುಗ್ಗಿತು. ಉಳಿದ ಮರಿಗಳೆಲ್ಲ ಮೀಸೆ ಅಲ್ಲಾಡಿಸಿದವು.

ಮುಂದೆ ಅವು ಬೆಳೆದವು. ಬೆಳೆದ ಮೇಲೆ ಬಾಗಿಲಿಗೆ ಬಂದು ನಿಂತವು. ಹೊರಗೆ ಗಾಳಿ ಭರ್ರೆನ್ನುತ್ತಿತ್ತು. ಮುಚ್ಚಿಬಿಡಲೇ ಎಂದು ಹೊನ್ನಕ್ಕನ ಕೈ ತುರಿಸಿತು. ಆದರೂ ಕೈ ಕಟ್ಟಿಕೊಂಡು ಪಕ್ಕಕ್ಕೆ ಸರಿದಳು. "ಕಡಲಪ್ಪಾ, ದಿನಾ ಒಳಗೆ ಬಂದು ಸಣ್ಣವನ್ನು ನೋಡಿಕೊಂಡು ಹೋಗು. ಹೋಗುವಾಗ ದೊಡ್ಡವನ್ನು ಕರ್ಕೊಂಡು ಹೋಗು. ಮೆಲ್ಲಗೆ, ಹಾಂ?" ಎಂದಳು.

ಅದಕ್ಕೇ ಮಕ್ಕಳೇ, ಇವತ್ತಿಗೂ ಕಡಲು ಸೇರುವ ಕಡೆ, ಅಳಿವೆಯಲ್ಲಿ, ಹೊಳೆ ಅಗಲವಾಗಿ ಕೂತಿರುತ್ತದೆ, ಮರಳು ಅಡ್ಡ ಮಲಗಿರುತ್ತದೆ, ನೀರು ಅತ್ತ ಸಿಹಿಯೂ ಅಲ್ಲ ಇತ್ತ ಉಪ್ಪೂ ಅಲ್ಲ. ಆ ಕಿರಿದಾದ ಬಾಗಿಲಲ್ಲಿ ಕಡಲು ದಿನಾ ಉಬ್ಬರದಲ್ಲಿ ಒಳಗೆ ಬರುತ್ತದೆ, ಇಳಿತದಲ್ಲಿ ಬೆಳೆದ ಸಿಗಡಿಗಳನ್ನು ಕರೆದುಕೊಂಡು ಮೆಲ್ಲಗೆ ಹೊರಟುಹೋಗುತ್ತದೆ.