ಎತ್ತದ ಕಲ್ಲಿನ ಗುಡ್ಡ

ಕರೇಗೊಂದಿಯಲ್ಲಿ ಬಸ್ಸಿಳಿದು ಪಡುವಣಕ್ಕೆ ತಿರುಗಿದರೆ ಕಾಣುವ ಬೋಳುಗುಡ್ಡಕ್ಕೆ ಎತ್ತದ ಕಲ್ಲಿನ ಗುಡ್ಡವೆಂದು ಹೆಸರು. ಇದರ ಎತ್ತರ ಕೇಳಿದರೆ ಹಿಮಾಲಯದವರು ನೊಂದುಕೊಂಡಾರೆಂದು ನಾನು ಯಾರಿಗೂ ಹೇಳುವುದಿಲ್ಲ. ನೆತ್ತಿಯಲ್ಲಿ ಒಂದು ಹಾಸುಬಂಡೆ, ಅದರ ಮೇಲೆ ತೆಂಗಿನಕಾಯಿ ಗಾತ್ರದ ಒಂದೇ ಒಂದು ಕಲ್ಲು. ಇಷ್ಟನ್ನು ಎತ್ತುವ ಗಂಡಸು ನಿಮ್ಮೂರಲ್ಲಿಲ್ಲವೇ ಎಂದು ಹೊಸಬರು ನಗುತ್ತಾರೆ. ಇಲ್ಲದೆ ಏನು! ತುಂಬಿದ ಗಾಡಿಯನ್ನು ಎತ್ತುಗಳ ಸಮೇತ ಹೆಗಲ ಮೇಲೆ ಹೊತ್ತು ಹಳ್ಳ ದಾಟಿಸಿದವನು ನಾನೇ. ಆ ಎತ್ತುಗಳು ಈಗ ಬದುಕಿಲ್ಲ, ಇದ್ದಿದ್ದರೆ ಸಾಕ್ಷಿ ಹೇಳುತ್ತಿದ್ದವು.

ಹಿಂದೆ ಒಮ್ಮೆ, ಕುಂಪಣಿಯ ಕಾಲದಲ್ಲಿ, ನಾಡನ್ನು ಅಳೆಯಲು ಬಂದ ರೋರಿ ಎಂಬ ಬಿಳಿಯ ದೊರೆ ಈ ನೆತ್ತಿಯಲ್ಲಿ ಡೇರೆ ಹಾಕಿದನಂತೆ. ಅವನದು ಸ್ಕಾಟ್ಲೆಂಡ್ ಎಂಬ ಚಳಿನಾಡಿನ ದೊಡ್ಡ ಮನೆತನ. ನಮ್ಮ ಲೆಕ್ಕದಲ್ಲಿ ಪಾಳೇಗಾರರು ಎನ್ನಿ. ಕಿರಿಯ ಮಗನಾದ್ದರಿಂದ ಕೋಟೆಯೂ ಇಲ್ಲ, ಪಟ್ಟವೂ ಇಲ್ಲ. ಹೊಟ್ಟೆಪಾಡಿಗೆ ಕಡಲು ದಾಟಿದವನು. ಕಲ್ಲೊಡೆಯುವ ತಿಮ್ಮಭೋವಿಯ ತಂಗಿ ದುರುಗವ್ವ ಡೇರೆಗೆ ನೀರು ಹೊರುತ್ತಿದ್ದಳು. ಗುಡ್ಡದ ಬುಡದ ಮಾರವ್ವನ ಗುಡಿಯಲ್ಲಿ ಅವನು ಅವಳಿಗೆ ಅರಿಸಿನದ ಕೊಂಬು ಕಟ್ಟಿದ. ಆ ಮದುವೆಯ ಊಟ ನನಗೆ ತಪ್ಪಿತು, ಹುಟ್ಟಲು ಕೊಂಚ ತಡವಾಯಿತು.

ಎರಡು ಬೇಸಿಗೆ ಸುಖವಾಗಿ ಕಳೆಯಿತು ಎನ್ನುತ್ತಾರೆ. ಆಮೇಲೆ ಅವನ ಅಣ್ಣ ಕುದುರೆಯಿಂದ ಬಿದ್ದು ಸತ್ತ ಸುದ್ದಿ ಬಂತು. ಬೇಡಿರದ ಕೋಟೆ, ಕೆರೆ, ಪಟ್ಟ ಎಲ್ಲವೂ ರೋರಿಯ ತಲೆಯ ಮೇಲೆ ಬಿದ್ದವು. ಅವರ ಕಡೆ ಯುದ್ಧಕ್ಕೆ ಹೊರಡುವವರು ಒಬ್ಬೊಬ್ಬರೂ ಒಂದೊಂದು ಕಲ್ಲನ್ನು ಒಂದೆಡೆ ಇಟ್ಟು ಹೋಗುತ್ತಿದ್ದರಂತೆ. ಮರಳಿದವರು ತಮ್ಮ ಕಲ್ಲನ್ನು ತಾವೇ ಎತ್ತಿಕೊಳ್ಳುತ್ತಿದ್ದರು, ಉಳಿದವು ಬಾರದವರವು. ಅವನೂ ಹಾಸುಬಂಡೆಯ ಮೇಲೆ ಕಲ್ಲೊಂದನ್ನಿಟ್ಟು, "ಇದನ್ನು ನಾನೇ ಬಂದು ಎತ್ತುತ್ತೇನೆ" ಎಂದು ಹೊರಟುಹೋದ.

ದುರುಗವ್ವ ದಿನವೂ ಹತ್ತಿ ಕಲ್ಲನ್ನು ನೋಡಿ ಇಳಿಯುತ್ತಿದ್ದಳು. ಕೆಲವು ವರ್ಷಗಳ ಮೇಲೆ ಅವನ ಜೊತೆಗಾರನೊಬ್ಬ ಬಂದು ವಿಷಯ ಹೇಳಿದ. ರೋರಿ ಬಿಟ್ಟುಬಂದರೆ ಪಟ್ಟ ದಾಯಾದಿಗೆ ಹೋಗುತ್ತದೆ. ಆ ದಾಯಾದಿ ಒಕ್ಕಲುಗಳನ್ನೆಲ್ಲ ಓಡಿಸಿ ಆ ನೆಲದಲ್ಲಿ ಕುರಿ ಮೇಯಿಸಲು ಕಾದಿದ್ದಾನೆ.

"ಕುರಿಗೋಸ್ಕರ ಮನುಷ್ಯರನ್ನ ಓಡಿಸ್ತಾರಾ?" ಎಂದಳು ದುರುಗವ್ವ. "ಹಂಗಾದ್ರೆ ಅಲ್ಲೇ ಇರ್ಲಿ ಬಿಡಿ." ಮರುದಿನ ಮತ್ತೆ ಗುಡ್ಡ ಹತ್ತಿದಳು.

ತಿಮ್ಮಭೋವಿಗೆ ನೋಡಲಾಗಲಿಲ್ಲ. ಕಲ್ಲು ಇರುವತನಕ ತಾನೇ ಈ ಹತ್ತುವುದು ಇಳಿಯುವುದು ಎಂದುಕೊಂಡು ಒಂದು ಮುಂಜಾನೆ ಅದನ್ನು ಎತ್ತಿ ತಂದು ಹುಲ್ಲಿನ ಬಣವೆಯಲ್ಲಿ ಅಡಗಿಸಿದ. ಕಲ್ಲೊಡೆಯುವವನ ತಲೆಗೆ ಬೇರೇನೂ ಹೊಳೆಯಲಿಲ್ಲ. ದುರುಗವ್ವ ಮೇಲೆ ಹೋದಳು, ಬರಿಯ ಬಂಡೆ ಕಂಡಳು. "ಬಂದವ್ರೆ! ದೊರೆ ಬಂದವ್ರೆ!" ಎಂದು ಕೂಗುತ್ತಾ ಇಳಿದಳು. ತಲೆಗೆ ಎರೆದುಕೊಂಡು, ಮದುವೆಯ ಸೀರೆ ಉಟ್ಟು, ಮನೆಮನೆಯ ಬಾಗಿಲಲ್ಲಿ ನಿಂತು, "ನಿಮ್ಮನೇಲಿ ಅವಿತ್ಕೊಂಡವ್ರಾ? ಹೇಳ್ರೇ, ಆಟ ಸಾಕು" ಎಂದು ನಗುನಗುತ್ತಾ ಕೇಳಿದಳಂತೆ.

ಸಂಜೆಗೆ ತಿಮ್ಮಭೋವಿ ಕಲ್ಲನ್ನು ತಂದು ಅವಳ ಕಾಲ ಬಳಿ ಇಟ್ಟ. "ನಾನೇ ಕಣವ್ವಾ. ನೀನು ಮರೀಲಿ ಅಂತ..."

ಅವಳು ಬಯ್ಯಲಿಲ್ಲ. "ಎಲ್ಲಿತ್ತೋ ಅಲ್ಲೇ ಇಟ್ಬಾರಣ್ಣ, ಅವರು ಬಂದಾಗ ಹುಡುಕಬಾರದು" ಎಂದಳು. ಮತ್ತೆಂದೂ ಅವಳು ಗುಡ್ಡ ಹತ್ತಲಿಲ್ಲ. ತಿಮ್ಮಭೋವಿ ಮಾತ್ರ ಬದುಕಿರುವವರೆಗೂ ಹತ್ತಿ ಕಾದ ಎನ್ನುತ್ತಾರೆ.

ಇಂದಿಗೂ ಮೇಲೆ ಹೋಗುವವರು ಒಂದು ಚೊಂಬು ನೀರು ಒಯ್ದು ಕಲ್ಲಿನ ಪಕ್ಕದ ಗುಳಿಗೆ ಸುರಿದು ಬರುತ್ತಾರೆ. ದೂರದಿಂದ ಬಂದವನಿಗೆ ಬಾಯಾರಿರುತ್ತದೆಂದು. ಹರೆಯದಲ್ಲಿ ನಾನೂ ಪಂತ ಕಟ್ಟಿ ಹತ್ತಿದ್ದೆ. ಎರಡೂ ಕೈ ಕಲ್ಲಿನ ಮೇಲಿಟ್ಟೆ. ಎಳೆಬಿಸಿಲಿಗೆ ಬೆಚ್ಚಗಿತ್ತು. ಕೆಳಗೆ ಊರಿನ ಬಾಗಿಲುಗಳೆಲ್ಲ ತೆರೆದಿದ್ದವು. ಬಂಡೆ ಬರಿದಾದದ್ದು ಕಂಡು ಯಾರಾದರೂ ನಗುತ್ತಾ ಓಡಿ ಹೊರಬಂದುಬಿಟ್ಟರೆ ಎನ್ನಿಸಿತು. ಗಾಡಿ ಹೊತ್ತವನ ಕೈಗೆ ಅದು ಏಳಲಿಲ್ಲ.