ದೋಣಿಗೆ ನೀರು ಹೊಯ್ದದ್ದು

ಆಶ್ರಮ ಅಂದ ಕೂಡಲೇ ಆಲದ ಮರ, ಎಲೆಮನೆ, ಜಿಂಕೆಮರಿ ಅಂತೆಲ್ಲ ಕಲ್ಪಿಸಿಕೊಳ್ಳಬೇಡಿ. ಮಂಕಾಳಿ ಗುರುಗಳ ಆಶ್ರಮ ಒಂದು ಹಳೆಯ ಹಾಯಿದೋಣಿ. ಬಂದರಿನಿಂದ ಬಂದರಿಗೆ ಹೋಗುವುದು, ಅದರಲ್ಲೇ ಊಟ, ಅದರಲ್ಲೇ ಪಾಠ. ಇದ್ದ ಶಿಷ್ಯನೂ ಒಬ್ಬನೇ, ವಾಮನ.

ಆ ಸಲದ ಪ್ರಯಾಣದಲ್ಲಿ ಗಾಳಿ ಎರಡು ದಿನ ಬಿಡದೆ ಬಡಿಯಿತು. ಹಾಯಿ ಹರಿಯಿತು, ದೋಣಿಯೊಳಗೆ ನೀರು ನುಗ್ಗಿತು. ಮನೆಯಷ್ಟು ಎತ್ತರದ ಅಲೆಯೊಂದು ಎದ್ದಾಗ ವಾಮನ ಚುಕ್ಕಾಣಿ ಬಿಟ್ಟು ಓಡಿ ಹಾಯಿಕಂಬ ತಬ್ಬಿಕೊಂಡ. ಗುರುಗಳು ತೆವಳಿಕೊಂಡು ಹೋಗಿ ಚುಕ್ಕಾಣಿ ಹಿಡಿದರು. ಅಳಿವೆ ದಾಟಿ ಬಂದರು ಸೇರುವವರೆಗೆ ವಾಮನ ನೀರು ಮೊಗೆದು ಚೆಲ್ಲಿದ್ದೇ ಚೆಲ್ಲಿದ್ದು.

ಚುಕ್ಕಾಣಿ ಬಿಟ್ಟ ಮಾತನ್ನು ಆಮೇಲೆ ಇಬ್ಬರೂ ಎತ್ತಲಿಲ್ಲ.

ದೋಣಿಯನ್ನು ದಡಕ್ಕೆಳೆದು ದಿಮ್ಮಿಗಳ ಮೇಲೆ ಕೂರಿಸಿದ್ದಾಯಿತು. ವಾಮನ ಒಳಗೊಳಗೇ ನಿಶ್ಚಯಿಸಿಬಿಟ್ಟಿದ್ದ: ರಿಪೇರಿ ಮುಗಿಸಿಕೊಟ್ಟು ಊರಿಗೆ ಹೋಗಿಬಿಡುವುದು. ಚುಕ್ಕಾಣಿ ಬಿಟ್ಟವನು ಯಾವ ಸೀಮೆಯ ಶಿಷ್ಯ!

ಎಂಟು ದಿನದ ಬಿಸಿಲಿಗೆ ಹಲಗೆಗಳು ಒಣಗಿ, ಸಂದುಗಳೆಲ್ಲ ಬಾಯಿಬಿಟ್ಟವು. ವಾಮನ ಹೊನ್ನೆ ಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ಉಳಿ, ಕೊಡತಿ ಹಿಡಿದು ಸಂದುಗಳಿಗೆ ಜಡಿದ. ಬೆಳಗಿಂದ ಸಂಜೆವರೆಗೆ ಟಕ್ ಟಕ್.

ಗುರುಗಳು ಬಂದು ನಿಂತರು. “ಎಷ್ಟಾಯ್ತೋ?”

“ಹೆಚ್ಚುಕಡಿಮೆ ಎಲ್ಲಾ ಆಯ್ತು, ಗುರುಗಳೇ. ಇರುವೆ ನುಸುಳೋಕೂ ದಾರಿ ಇಲ್ಲ.”

“ಕಿತ್ತುಹಾಕು.”

“ಏನಂದ್ರಿ?”

“ಹತ್ತಿ ಎಲ್ಲಾ ಕೀಳು. ಆಮೇಲೆ ದೋಣಿ ತುಂಬ ನೀರು ಹೊಯ್ಯಿ.”

“ಎರಡು ದಿನ ಈ ದೋಣಿಯ ನೀರು ಚೆಲ್ಲಿ ನನ್ನ ರಟ್ಟೆ ಬಿದ್ದುಹೋಗಿದೆ. ಈಗ ನಾನೇ ಒಳಗೆ ಹೊಯ್ಯಬೇಕಾ?”

“ರಟ್ಟೆಗೆ ಅಭ್ಯಾಸ ಆಗಿದೆಯಲ್ಲ, ಒಳ್ಳೇದೇ ಆಯ್ತು.”

ವಾಮನ ಹಲ್ಲು ಕಚ್ಚಿಕೊಂಡು ಹತ್ತಿಯನ್ನೆಲ್ಲ ಕಿತ್ತು, ಬಿಂದಿಗೆ ಬಿಂದಿಗೆ ನೀರು ಹೊತ್ತು ತಂದು ಹೊಯ್ದ. ಪಕ್ಕದಲ್ಲಿ ಮೀನು ಒಣಹಾಕುತ್ತಿದ್ದ ದೇವಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಳು.

“ಏನೋ ತಮಾ, ದೋಣಿ ಏನು ಬಾಣಂತಿಯಾ? ಸ್ನಾನ ಜೋರಾಗಿದೆ!”

“ಗುರುಗಳನ್ನ ಕೇಳಿ ಅಕ್ಕಾ.”

“ಅವರು ಹೇಳಿಬಿಟ್ರು, ನೀನು ಹೊಯ್ದುಬಿಟ್ಟೆ. ಚೆಂದದ ಜೋಡಿ!”

ಹೊಯ್ದ ನೀರು ಜರಡಿಯಿಂದ ಇಳಿದ ಹಾಗೆ ಇಳಿದುಹೋಯಿತು. “ಇನ್ನೂ ಹೊಯ್ಯಿ” ಅಂದರು ಗುರುಗಳು. ಮಾರನೆಯ ದಿನ ಧಾರೆಗಳು ಹನಿಗಳಾದವು. ನೀರು ಕುಡಿದ ಮರ ಉಬ್ಬಿ, ಸಂದುಗಳು ಒಂದೊಂದಾಗಿ ತಾವೇ ಬಾಯಿ ಮುಚ್ಚಿಕೊಂಡವು. ಬಿಗಿದ ಹತ್ತಿ ಹಾಗೇ ಇದ್ದಿದ್ದರೆ, ಹಲಗೆಗೆ ಉಬ್ಬಲು ಜಾಗ ಸಾಲದೆ ನಡುನೀರಿನಲ್ಲಿ ಮೊಳೆಗಳೇ ಕಿತ್ತು ಬರುತ್ತಿದ್ದವು. ಅದು ವಾಮನನಿಗೆ ಈಗ ಹೊಳೆಯಿತು.

ಮೂರನೆಯ ಬೆಳಿಗ್ಗೆ ದೋಣಿ ತುಂಬ ನೀರು ನಿಂತಿತ್ತು. ಕೆಳಗೆ ಮರಳು ಒಣಗಿತ್ತು, ಒಂದು ಕಡೆ ಬಿಟ್ಟು. ಅಲ್ಲಿ ಮಾತ್ರ ಟಪ್. ಟಪ್.

ವಾಮನ ಬಗ್ಗಿ ನೋಡಿದ. ಚುಕ್ಕಾಣಿ ಹಿಡಿಯುವವನು ಕೂರುವ ಜಾಗದ ಅಡಿಯ ಹಲಗೆಯೇ ಕೂದಲೆಳೆಯಷ್ಟು ಸೀಳಿತ್ತು; ಮರ ಉಬ್ಬಿದರೂ ಅದು ಮುಚ್ಚಿರಲಿಲ್ಲ.

“ಹತ್ತಿ ಕೀಳುವಾಗಲೇ ನೋಡಿದೆ, ಇಲ್ಲಿ ನೀನು ಮುಟ್ಟಿಸಿರಲೇ ಇಲ್ಲ” ಅಂದರು ಗುರುಗಳು. “ಇಡೀ ದೋಣಿ ಜಡಿದೆ. ಇದೊಂದು ಯಾಕೆ ಬಿಟ್ಟೆ?”

ಟಪ್. ಟಪ್. ಟಪ್.

“ಅಲ್ಲಿಗೆ ಹೋಗೋಕೆ ಆಗಲಿಲ್ಲ, ಗುರುಗಳೇ. ಅವತ್ತು ಅಲ್ಲಿಂದಲೇ ಅಲ್ಲವಾ ನಾನು ಎದ್ದು ಓಡಿದ್ದು... ಹೆದರಿಬಿಟ್ಟೆ. ನಾನು ಊರಿಗೆ ಹೋಗ್ತೇನೆ.”

ಗುರುಗಳು ಬೀಳುವ ಹನಿಗೆ ಅಂಗೈ ಒಡ್ಡಿದರು.

“ಹೋಗುವಿಯಂತೆ. ಮೊದಲು ಇದನ್ನ ಮುಚ್ಚು.”

ನೀರು ತೆಗೆದ ಮೇಲೆ ವಾಮನ ಆ ಜಾಗದಲ್ಲಿ ಹೋಗಿ ಕೂತ. ಹತ್ತಿಯ ಒಂದೆಳೆ, ಮೇಲೆ ಕರಗಿಸಿದ ರಾಳ ಒಂದಿಷ್ಟು. ಬೇಕಾಗಿದ್ದದ್ದು ಅಷ್ಟೇ.

ಉಬ್ಬರದ ನೀರು ಬಂತು, ದೋಣಿ ತೇಲಿತು. ಒಳಗೆ ತೊಟ್ಟು ನೀರಿಲ್ಲ. ವಾಮನ ಗಂಟು ಹಿಡಿದು ದಡದಲ್ಲೇ ನಿಂತಿದ್ದ. ಗುರುಗಳು ದೋಣಿ ಹತ್ತಿದವರೇ ಸೀದಾ ಮುಂದಕ್ಕೆ ಹೋಗಿ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು.

“ಗುರುಗಳೇ, ಮುಂದೆ ಕೂತರೆ ಹೇಗೆ! ಚುಕ್ಕಾಣಿ ಯಾರು ಹಿಡೀತಾರೆ?”

ಗುರುಗಳು ತಿರುಗಿ ನೋಡಲಿಲ್ಲ.

“ಎಲ್ಲಿ ಸೋರುತ್ತೆ ಅಂತ ಗೊತ್ತಿರೋನು.”